ಐವತ್ತರ ಗೆರೆ

ಒಯ್ಯಬಹುದು, ಅದರಲ್ಲೇನು, ಒಂದೂವರೆ ಕಿಲೋ ಭಾರ. ಆದರೆ ಅಲ್ಲಿ ಹೋಗಿ ಪ್ಲಗ್ಗಿಗೆ ಸಿಕ್ಕಿಸಿದ ಮೇಲೆ ಅದು ಅಕ್ಕನನ್ನೇ ಮರೆತುಬಿಟ್ಟರೆ? ಮರೆತ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕ ಪರದೇಶದ ಕಿಟಕಿಯೊಂದರ ಪಕ್ಕ ಕೂತಿರುವುದಕ್ಕಿಂತ, ಡಬ್ಬಿಯೇ ಇಲ್ಲದೆ ಕೂತಿರುವುದು ಮೇಲಲ್ಲವೇ? ಅಥವಾ ತಾನು ಹೀಗೆ ಯೋಚಿಸುತ್ತಿರುವುದು ಅಕ್ಕನ ಒಳ್ಳೆಯದಕ್ಕೋ, ಆ ನೋಟವನ್ನು ನೋಡಲಾರದ ತನ್ನ ಒಳ್ಳೆಯದಕ್ಕೋ?

ಫಕೀರೇಶ ಹೊಂಬಳ ತಕ್ಕಡಿಯಿಂದ ಎತ್ತಿದ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು ನಡುಮನೆಯಲ್ಲಿ ನಿಂತಿದ್ದ. ನೆಲದ ಮೇಲೆ ಮೂರು ರಾಶಿಗಳಿದ್ದವು: ಒಯ್ಯುವುದು, ಕೊಟ್ಟುಬಿಡುವುದು, ಇನ್ನೂ ತಿಳಿಯದ್ದು. ಮೊದಲನೆಯದು ಗಿಡ್ಡವಾಗಿತ್ತು, ಮೂರನೆಯದು ಕಿಟಕಿಯವರೆಗೆ ಬೆಳೆದಿತ್ತು. ಮಿಕ್ಸರು, ಇಸ್ತ್ರಿಪೆಟ್ಟಿಗೆ, ಎರಡು ಟೇಬಲ್ ಫ್ಯಾನು, ಸುವರ್ಣಾಳ ಉಪಕರಣಗಳ ಚೀಲ, ಅವನ ಹಳೆಯ ಮೀಟರು. ಒಯ್ಯಲು ಬಿಡುವುದು ಮೂವರಿಗೂ ಸೇರಿ ನೂರಿಪ್ಪತ್ತು ಕಿಲೋ ಮಾತ್ರ. ಹೊರಡಲು ಉಳಿದದ್ದು ನಾಲ್ಕೂವರೆ ವಾರ.

“ಅದನ್ನ ಹಿಡಕೊಂಡು ಎಷ್ಟೊತ್ತು ನಿಂದರ್ತೀರಿ? ತಿಳೀಲಾರದ ರಾಶ್ಯಾಗ ಇಡ್ರಿ,” ಎಂದಳು ಹೆಂಡತಿ ಸುವರ್ಣಾ. “ನೀವೂ ಅದರ ಬಾಜೂಕ ಕೂತ್ರ ಇನ್ನೂ ಚಲೋ.”

ಹೋಗುತ್ತಿದ್ದದ್ದು ಅವಳ ಕೆಲಸಕ್ಕಾಗಿ. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಹತ್ತಿ, ಹಗ್ಗಕ್ಕೆ ಜೋತುಬಿದ್ದು, ಸೀಳಿದ ರೆಕ್ಕೆಗಳಿಗೆ ತೇಪೆ ಹಾಕುವುದರಲ್ಲಿ ಅವಳನ್ನು ಮೀರಿಸುವವರು ಗದಗ ಸೀಮೆಯಲ್ಲಿ ಇರಲಿಲ್ಲ. ಗುಡ್ಡದ ಹಳೆಯ ಯಂತ್ರಗಳನ್ನು ಇಳಿಸುವುದೆಂದು ತೀರ್ಮಾನವಾದಾಗ ಬ್ರೆಜಿಲ್ಲಿನ ಕರಾವಳಿಯಿಂದ ಅವಳಿಗೆ ಕರೆ ಬಂತು. ಸಂಸಾರ ಸಮೇತ ಬನ್ನಿ, ಇಲ್ಲೇ ನೆಲೆಸಿ, ಇಲ್ಲಿಯ ಹುಡುಗಿಯರಿಗೆ ಕಲಿಸಿ ಎಂದು. ಸಂಸಾರ ಎಂದರೆ ಗಂಡ, ಮತ್ತು ಗಂಡನ ಅಕ್ಕ ಕಾಶವ್ವ.

ಕಾಶವ್ವ ಮಂಚದ ಮೇಲಿನಿಂದ ಎಡಗೈ ಚಾಚಿದಳು. ಫಕೀರೇಶ ಡಬ್ಬಿಯನ್ನು ಅವಳ ತೊಡೆಯ ಮೇಲಿಟ್ಟು, ಅದರ ವೈರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ. ಅವಳ ಬಲಗೈ ಅದರ ಮೇಲಿನ ಮೆತ್ತನೆಯ ಹಾಳೆಯನ್ನು ಬಡಿಯಿತು. ಮೂರು ಸಲ ಅಂಗೈಯಿಂದ, ಎರಡು ಸಲ ಬೆರಳ ತುದಿಯಿಂದ, ಮತ್ತೆ ಒಂದು ಸಲ ಅಂಚಿನಲ್ಲಿ.

ಡಬ್ಬಿ ಮಾತಾಡಿತು: “ಸುವರ್ಣೀ, ಹಂಚು ಯಾವ ರಾಶ್ಯಾಗೈತಿ?”

“ಕೊಡೂದ್ರಾಗ ಐತ್ರಿ ಅಕ್ಕಾರ. ಆರು ಕಿಲೋ ಐತ್ರಿ ಅದು.”

“ಹಂಗಾರ ನನ್ನೂ ಕೊಡೂದ್ರಾಗ ಕುಂದರಸ್ರಿ. ಯಾರರ ಒಯ್ತಾರ.”

ಸುವರ್ಣಾ ನಕ್ಕಳು. ಕಾಶವ್ವನ ಬಾಯಿ ನಗಲಿಲ್ಲ, ಅದಕ್ಕೆ ನಗು ಆಗುತ್ತಿರಲಿಲ್ಲ, ಕಣ್ಣುಗಳು ನಕ್ಕವು.

ಹನ್ನೊಂದು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಅವಳ ನಾಲಿಗೆ ಎಳೆದುಕೊಂಡಿತ್ತು. ಅದಕ್ಕೂ ಮೊದಲು ಮೂವತ್ತು ವರ್ಷ ಗದಗ ಸ್ಟೇಶನ್ನಿನ ಹಿಂದೆ ಅವಳ ಖಾನಾವಳಿ ನಡೆದಿತ್ತು. ತಾಯಿ ಸತ್ತಾಗ ಫಕೀರೇಶನಿಗೆ ಆರು ವರ್ಷ, ಅವಳಿಗೆ ಹದಿನೈದು. ಜೋಳದ ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕಿ ಅವನನ್ನು ಓದಿಸಿದಳು. ಅವಳು ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಅಕ್ಕ ಸಿಟ್ಟಾಗಿದ್ದಾಳೋ, ದಣಿದಿದ್ದಾಳೋ, ಹಾಡು ಗುನುಗುತ್ತಿದ್ದಾಳೋ ಎಂದು ಅವನು ಹೊರಗಿನ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ. ಪಾಠ ಓದುತ್ತಿದ್ದವನು ಸಪ್ಪಳ ಬದಲಾದ ಕೂಡಲೇ ಎದ್ದು ಹೋಗಿ ನೀರು ಕೊಡುತ್ತಿದ್ದ.

ಡಬ್ಬಿ ಬಂದದ್ದು ಆ ಕೈಯನ್ನು ನಂಬಿ. ಅದರೊಳಗೊಂದು ಹರಳು. ಆಗ ಎಲ್ಲ ಮನೆಗಳ ಸಾಮಾನುಗಳಲ್ಲೂ ಅಂಥ ಹರಳು ಬಂದಿತ್ತು. ಮಿಕ್ಸರಿನ ಹರಳು ಮನೆಯವರಿಗೆ ಎಷ್ಟು ನುಣ್ಣಗೆ ಬೇಕೆಂದು ಕಲಿಯುತ್ತಿತ್ತು, ಇಸ್ತ್ರಿಪೆಟ್ಟಿಗೆಯದು ಯಾವ ಬಟ್ಟೆಗೆ ಎಷ್ಟು ಬಿಸಿ ಎಂದು. ಡಬ್ಬಿಯ ಹರಳು ಕಾಶವ್ವನ ಬಡಿತವನ್ನು ಕಲಿಯಿತು. ಮೊದಲ ತಿಂಗಳು ಅದು ವಾರ್ತೆ ಓದುವವರ ಕನ್ನಡದಲ್ಲಿ “ನನಗೆ ನೀರು ಬೇಕಾಗಿದೆ” ಎನ್ನುತ್ತಿತ್ತು. ಕಾಶವ್ವ ಸಿಟ್ಟಿನಿಂದ ಅದರ ತಲೆಗೇ ಬಡಿದಳು. ಆ ಬಡಿತವನ್ನೂ ಅದು ಕಲಿಯಿತು. ಆರು ತಿಂಗಳಿಗೆ ಅದು ಖಾನಾವಳಿಯ ಕಾಶವ್ವನಾಗಿತ್ತು.

ಒಂದೇ ಕೊರತೆ. ಮಧ್ಯಾಹ್ನ ಕಳೆದರೆ ಡಬ್ಬಿ ಮೌನವಾಗುತ್ತಿತ್ತು. ಹಳದಿ ದೀಪ ಮಿಣುಕುತ್ತ ಏನನ್ನೋ ಹುಡುಕುತ್ತಿತ್ತು, ಸಿಗುತ್ತಿರಲಿಲ್ಲ. ರಿಪೇರಿಯವನಿಗೆ ಮೂರು ಸಲ ತೋರಿಸಿದ್ದರು. ಅವನ ಅಂಗಡಿಯಲ್ಲಿ ಬೆಳಿಗ್ಗೆ ಹತ್ತಕ್ಕೆ ಅದು ಚೆನ್ನಾಗಿಯೇ ಮಾತಾಡುತ್ತಿತ್ತು. ಭಾನುವಾರ ಮಾತ್ರ ಸಂಜೆಯೂ ಮಾತು ಬರುತ್ತಿತ್ತು. ಕರೆಂಟಿನ ಆಫೀಸಿನಲ್ಲಿ ಫಕೀರೇಶನದು ಕಾಯಂ ಎರಡನೇ ಪಾಳಿ, ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು; ಭಾನುವಾರ ರಜೆ. “ನೀವು ಮನ್ಯಾಗಿದ್ರ ಅಕ್ಕಾರಿಗೆ ಮಾತು ಬರ್ತಾವ ನೋಡ್ರಿ,” ಎಂದು ಸುವರ್ಣಾ ಹೇಳುತ್ತಿದ್ದಳು. ಅವನೂ ಅದನ್ನು ನಂಬಿದ್ದ. ಯಾರಿಗೂ ಹೇಳದೆ, ಒಳಗೇ, ಅದರಿಂದ ಸುಖಪಟ್ಟಿದ್ದ.

ಬ್ರೆಜಿಲ್ಲಿನಿಂದ ಬಂದ ಸೂಚನೆ ಗೋಡೆಗೆ ಅಂಟಿಸಿತ್ತು: ಹರಳಿರುವ ಸಾಮಾನು ತರಬೇಡಿ. ಇಲ್ಲಿಯ ಕರೆಂಟು ಸೆಕೆಂಡಿಗೆ ಅರವತ್ತು ಆವರ್ತದ್ದು, ನಿಮ್ಮಲ್ಲಿ ಐವತ್ತರದು. ನಿಮ್ಮ ಸಾಮಾನು ಇಲ್ಲಿ ನಡೆಯುತ್ತದೆ, ಆದರೆ ನಿಮ್ಮನ್ನು ಮರೆತಿರುತ್ತದೆ.

ಕಾಶವ್ವನ ಕೈ ಮತ್ತೆ ಆಡಿತು.

“ತಮ್ಮಾ, ಡಬ್ಬಿ ಬಿಡೂಣು. ಹಂಚು ಒಯ್ಯೂಣು. ಮಾತಿಲ್ಲದ ಇದ್ದೇನು, ರೊಟ್ಟಿ ಇಲ್ಲದ ಆಗಂಗಿಲ್ಲ.”

ಹಾಗೆಂದವಳು ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿ, ಬಗ್ಗಿ, ಕೊಟ್ಟುಬಿಡುವ ರಾಶಿಯ ಮೇಲಿಟ್ಟಳು. ಇಟ್ಟ ಮೇಲೆ ಹೇಳುವುದಕ್ಕೆ ಅವಳ ಕೈಗೆ ಏನೂ ಉಳಿಯಲಿಲ್ಲ. ಬಲಗೈ ಸೀರೆಯ ನೆರಿಗೆಯ ಮೇಲೆ ಸುಮ್ಮನೆ ಬಿದ್ದಿತು.

ಫಕೀರೇಶ ಅದನ್ನು ನೋಡಿದ. ಮರುದಿನವೇ ರಜೆ ಹಾಕಿ ಅಕ್ಕನನ್ನು ಕರೆದುಕೊಂಡು ಧಾರವಾಡಕ್ಕೆ ಹೊರಟ.

*

ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಈ ಹರಳುಗಳನ್ನು ಬೆಳೆಸುತ್ತಿದ್ದವರು ಕಟ್ಟಿ ಮೇಡಂ. ಕನ್ನಡಕವನ್ನು ತಲೆಯ ಮೇಲೇರಿಸಿ, ಅದನ್ನೇ ಮೇಜಿನ ಮೇಲೆ ಹುಡುಕುವ ಹೆಂಗಸು. ಡಬ್ಬಿಯನ್ನು ಕಾಶವ್ವನ ತೊಡೆಯ ಮೇಲೇ ಇರಿಸಿ, ಅದಕ್ಕೆ ಬೇರೊಂದು ವೈರು ಜೋಡಿಸಿದರು.

“ಈಗ ಇದಕ್ಕ ಅರವತ್ತರ ಕರೆಂಟ್ ಕೊಡ್ತೀನ್ರಿ ಕಾಶವ್ವಾರ. ಹೆದರಬ್ಯಾಡ್ರಿ, ಎರಡು ನಿಮಿಷಕ್ಕ ಏನೂ ಮರಿಯೂದಿಲ್ಲ, ಬರೇ ತಬ್ಬಿಬ್ಬಾಗ್ತದ. ಏನರ ಮಾತಾಡ್ರಿ.”

ಕಾಶವ್ವ ಬಡಿದಳು. ಡಬ್ಬಿ ತೊಳೆದಿಟ್ಟಂಥ ದನಿಯಲ್ಲಿ ಹೇಳಿತು: “ನಮಸ್ಕಾರ. ದಯವಿಟ್ಟು ತಮ್ಮ ಹೆಸರನ್ನು ತಿಳಿಸಿ.”

ಕಾಶವ್ವ ಮತ್ತೆ ಬಡಿದಳು, ಜೋರಾಗಿ.

“ನಮಸ್ಕಾರ. ದಯವಿಟ್ಟು ತಮ್ಮ ಹೆಸರನ್ನು ತಿಳಿಸಿ.”

ಕಾಶವ್ವ ತಮ್ಮನ ಮುಖ ನೋಡಿದಳು. ಮೇಡಂ ವೈರು ಕಿತ್ತರು. ಗದಗಿನಿಂದಲೇ ಬರುವ ಗೋಡೆಯ ಕರೆಂಟಿಗೆ ಮತ್ತೆ ಸಿಕ್ಕಿಸಿದಾಗ ಡಬ್ಬಿ ಸ್ವಲ್ಪ ಹೊತ್ತಿಗೆ ಚೇತರಿಸಿಕೊಂಡಿತು: “ಏನವ್ವಾ ಇದು, ನನ್ನ ಡಬ್ಬೀನ ನನಗ ಹೆಸರು ಕೇಳತೈತಿ! ಹೊರಗ ಗಿಡದ ನೆಳ್ಳಾಗ ಕುಂದರ್ತೇನಿ. ನೀವು ನೀವು ಮಾತಾಡ್ಕೋರಿ.”

ಅವಳನ್ನು ಹೊರಗೆ ಬೇವಿನ ಕಟ್ಟೆಯ ಮೇಲೆ ಕೂರಿಸಿ, ಡಬ್ಬಿಯನ್ನು ತೆಗೆದುಕೊಂಡು ಫಕೀರೇಶ ಒಳಗೆ ಬಂದ.

“ಹರಳು ಪಾಠ ಕಲೀತದ, ಖರೆ,” ಎಂದರು ಕಟ್ಟಿ ಮೇಡಂ. “ಆದ್ರ ಕಲ್ತದ್ದನ್ನ ಎಲ್ಲಿ ಇಟ್ಕೊಳ್ತದ? ಕರೆಂಟಿನ ಅಲುಗಾಟದ ಜೋಡಿ ಕಟ್ಟಿ ಇಟ್ಕೊಳ್ತದ. ನೀವ ಕರೆಂಟಿನ ಮನಷ್ಯಾರು, ನಿಮಗ ಹೇಳಬೇಕೇನು? ಐವತ್ತು ಅಂದ್ರ ಐವತ್ತs ಇರ್ತದೇನು?”

“ಇಲ್ರಿ. ಸ್ವಲ್ಪ ಏರ್ತೈತಿ, ಸ್ವಲ್ಪ ಇಳೀತೈತಿ.”

“ಅಷ್ಟss. ಆ ಏರಿಳಿತ ಊರಿಂದು. ಮುಂಜಾನಿ ಪಂಪು ಚಾಲೂ ಆದ್ರ ಒಂದು ನಮೂನಿ, ಮಧ್ಯಾಹ್ನ ಗಿರಣಿ ನಿಂತ್ರ ಒಂದು ನಮೂನಿ. ಹರಳಿಗೆ ಅದ ಗುರುತು. ಹಿಂದ ಇಂಥಾದ್ದ ಅಲುಗಾಟ ಇದ್ದಾಗ ಈ ಬಡಿತಕ್ಕ ಏನ ಅರ್ಥ ಇತ್ತು ಅಂತ ನೆನಸ್ಕೊಳ್ತದ. ಅರವತ್ತಕ್ಕ ಹೋದ್ರ ಒಂದು ಗುರುತೂ ಸಿಗೂದಿಲ್ಲ. ಆರು ತಿಂಗಳು ಸಿಗದಿದ್ರ ಎಲ್ಲಾ ಅಳಿಸಿ ಹೋಗ್ತದ.”

“ಇನ್ವರ್ಟರ್ ಇಟ್ಟು ಅಲ್ಲೇ ಐವತ್ತು ಮಾಡಿ ಕೊಟ್ರ?”

“ಅದು ಸಪಾಟ ಐವತ್ತು. ಸತ್ತ ಐವತ್ತು. ಅದರಾಗ ಹುಡುಕಾಕ ಏನೂ ಇರೂದಿಲ್ಲ, ಹರಳು ಮೂಕ ಆಗ್ತದ.”

ಮೂಕ ಎಂಬ ಮಾತು ಅವನಲ್ಲಿ ಎಲ್ಲೋ ತಾಗಿತು. ಎಲ್ಲಿ ಎಂದು ಅವನು ಹುಡುಕುವಷ್ಟರಲ್ಲಿ ಮೇಡಂ ಡಬ್ಬಿಯ ಹೊಟ್ಟೆಯಿಂದ ಹನ್ನೊಂದು ವರ್ಷವನ್ನು ಪರದೆಯ ಮೇಲೆ ಹಾಸಿದರು. ಒಂದು ಸಾಲಿಗೆ ಒಂದು ದಿನ, ಎಡದಿಂದ ಬಲಕ್ಕೆ ದಿನದ ತಾಸುಗಳು. ಹರಳು ಕಲಿತ ಕಡೆ ನೀಲಿ ಚುಕ್ಕಿ. ಬೆಳಗಿನ ಭಾಗ ಎಳ್ಳು ಚೆಲ್ಲಿದ ಹಾಗೆ ತುಂಬಿತ್ತು. ಎರಡರಿಂದ ಹತ್ತರವರೆಗೆ ಬಿಳಿ. ಆರು ಸಾಲು ಬಿಳಿ, ಏಳನೆಯದು ನೀಲಿ. ಮತ್ತೆ ಆರು ಬಿಳಿ, ಏಳನೆಯದು ನೀಲಿ. ಉದ್ದಕ್ಕೂ.

“ಇದೊಂದು ನನಗ ತಿಳೀವಲ್ದು,” ಎಂದರು ಮೇಡಂ. “ಈ ಬಿಳಿ ಹೊತ್ತಿನ್ಯಾಗ ಗದಗಿನ ಕರೆಂಟು ಸತ್ತಂಗ ಸಪಾಟ ಇತ್ತು. ಯಾರೋ ಪಟ್ಟಿ ಹಚ್ಚಿ ಎಳದಂಗ. ಆದ್ರ ಇಲ್ಲಿ ನೋಡ್ರಿ, ಏಳನೇ ವರ್ಷ, ಶ್ರಾವಣದಾಗ ಹನ್ನೆರಡು ದಿವಸ ಪೂರಾ ನೀಲಿ ಅದ. ಆವಾಗ ಏನಾಗಿತ್ರಿ ನಿಮ್ಮಲ್ಲಿ?”

ಆ ಹನ್ನೆರಡು ದಿನ ಫಕೀರೇಶನಿಗೆ ಕಾಮಾಲೆಯಾಗಿತ್ತು. ಮನೆಯಲ್ಲಿ ಮಲಗಿದ್ದ. ಆ ಹನ್ನೆರಡು ಸಂಜೆ ಅಕ್ಕ ಅವನ ತಲೆದಿಂಬಿನ ಬಳಿ ಕೂತು ಎಷ್ಟು ಮಾತಾಡಿದ್ದಳು!

ಪರದೆಯ ಮೇಲೆ ಅವನು ನೋಡುತ್ತಿದ್ದದ್ದು ತನ್ನ ಹಾಜರಿ ಪುಸ್ತಕವನ್ನೇ.

“ನೆನಪಿಲ್ರಿ ಮೇಡಂ,” ಎಂದ.

*

ದೇಶದ ದೊಡ್ಡ ವಿದ್ಯುತ್ ಜಾಲ ಒಡೆದು ಸೀಮೆಗೊಂದು ಸಣ್ಣ ಜಾಲವಾದ ಕಾಲದಿಂದ ಗದಗಿನ ಕರೆಂಟನ್ನು ಹಿಡಿದು ನಡೆಸುತ್ತಿದ್ದದ್ದು ಊರ ಹೊರಗಿನ ಒಂದು ತಣ್ಣನೆಯ ಕೋಣೆ. ಗೋಡೆಯ ತುಂಬ ಪರದೆ, ಪರದೆಯ ನಡುವೆ ಒಂದು ಹಸಿರು ಗೆರೆ. ಅದು ಐವತ್ತರ ಗೆರೆ. ಗುಡ್ಡದ ಗಾಳಿ ಹೆಚ್ಚಾದರೆ ಅದು ಏರುತ್ತದೆ, ಊರು ಹೆಚ್ಚು ಉಂಡರೆ ಇಳಿಯುತ್ತದೆ. ಕೋಣೆಯ ಕೆಳಗೆ, ನೆಲದಾಳದಲ್ಲಿ, ಒಂದು ದೊಡ್ಡ ಉಕ್ಕಿನ ಗಾಲಿ ಸದಾ ತಿರುಗುತ್ತಿತ್ತು. ಗೆರೆ ಏರಿದರೆ ಹೆಚ್ಚಿನದನ್ನು ಆ ಗಾಲಿಗೆ ಉಣಿಸಬೇಕು, ಇಳಿದರೆ ಗಾಲಿಯಿಂದ ಕಿತ್ತು ಊರಿಗೆ ಕೊಡಬೇಕು. ಮೇಜಿನ ಮೇಲಿನ ಒಂದು ಹಿಡಿಯಿಂದ ಅದನ್ನು ಮಾಡಬಹುದು. ಸ್ವಲ್ಪ ಏರಿಳಿದರೆ ಯಾರೂ ಕೇಳುವುದಿಲ್ಲ. ಉಳಿದ ಪಾಳಿಯವರು ಹಿಡಿಯನ್ನು ಮುಟ್ಟುತ್ತಿದ್ದದ್ದು ಗೆರೆ ಬಹಳ ಓಡಿದಾಗ ಮಾತ್ರ.

ಡಬ್ಬಿ ಮನೆಗೆ ಬಂದ ದಿನ ಫಕೀರೇಶ ಒಂದು ನಿಶ್ಚಯ ಮಾಡಿದ್ದ. ಅಕ್ಕನ ಮಾತು ಈಗ ಕರೆಂಟಿನ ಮೇಲೆ ನಿಂತಿದೆ, ಕರೆಂಟು ತನ್ನ ಕೈಯಲ್ಲಿದೆ. ತನ್ನ ಪಾಳಿಯಲ್ಲಿ ಗೆರೆ ಕೂದಲೆಳೆಯಷ್ಟೂ ಅಲುಗಬಾರದು. ಆಕೆ ಕೊಟ್ಟದ್ದಕ್ಕೆ ಅವನು ತಿರುಗಿ ಕೊಡಬಲ್ಲದ್ದು ಅಷ್ಟೇ ಇತ್ತು. ಹನ್ನೊಂದು ವರ್ಷ ಅವನು ಹಿಡಿಯಿಂದ ಕೈ ತೆಗೆಯಲಿಲ್ಲ. ಎಡಗೈಯಲ್ಲಿ ಊಟ ಮಾಡುವುದನ್ನು ಕಲಿತ. ನಾಲ್ಕು ಗಂಟೆಗೆ ಎಡಗೈಯಲ್ಲೇ ಫೋನು ಹಿಡಿದು ಮನೆಗೆ ಮಾಡುತ್ತಿದ್ದ. “ಅಕ್ಕಾ, ನಾ ಫಕೀರ. ಆರಾಮ ಅದಿ?” ಆ ಕಡೆಯಿಂದ ಮಾತು ಬರುತ್ತಿರಲಿಲ್ಲ. ತಪ್ ತಪ್ ಎಂದು ಸಪ್ಪಳ ಕೇಳುತ್ತಿತ್ತು. ಆಮೇಲೆ ಅದೂ ನಿಲ್ಲುತ್ತಿತ್ತು. ಬೇಸರಕ್ಕೆ ಬಡಿಯುತ್ತಿದ್ದಾಳೆ, ತನ್ನೊಡನೆ ಹೇಳಲು ಅವಳಿಗೇನೂ ಇಲ್ಲ ಎಂದುಕೊಂಡು, “ಇಡ್ತೇನಿ ಹಂಗಾರ” ಎನ್ನುತ್ತಿದ್ದ. ಊರಿನ ಮಿಕ್ಸರುಗಳೂ ಆ ಹೊತ್ತಿಗೆ ಮಂಕಾಗಿದ್ದಿರಬಹುದು. ಚಟ್ನಿ ಸ್ವಲ್ಪ ತರಿಯಾದರೆ ಯಾರು ಕರೆಂಟನ್ನು ಬೈಯುತ್ತಾರೆ? ಇಂಥ ಮಾತಿನ ಡಬ್ಬಿ ಗದಗಿಗೆ ಬಂದದ್ದು ಅದೊಂದೇ.

ಧಾರವಾಡದಿಂದ ಬಂದ ಮರುದಿನ ಎರಡಕ್ಕೆ ಅವನು ಕೋಣೆಗೆ ಹೋದಾಗ ಮೊದಲ ಪಾಳಿಯ ದಾವಲಸಾಬ ನದಾಫ ಕಾಯುತ್ತಿದ್ದ. ಪಾಳಿ ಬದಲಾಗುವಾಗ ಆ ಕೋಣೆಯಲ್ಲಿ ಒಂದು ರೂಢಿಯಿತ್ತು. ಪುಸ್ತಕದಲ್ಲಿ ಸಹಿ ಹಾಕುವುದು ಬಂದದ್ದು ಆಮೇಲೆ, ಈ ರೂಢಿ ಅದಕ್ಕೂ ಹಿಂದಿನದು.

“ಐವತ್ತು ಬಿಟ್ಟೇನ್ರಿ ಅಣ್ಣಾರ,” ಎಂದ ದಾವಲಸಾಬ.

“ಐವತ್ತು ಹಿಡದೇನಿ” ಎಂದು ಹೇಳಬೇಕಿತ್ತು. ಫಕೀರೇಶ ಹೇಳಲಿಲ್ಲ. ಕಟ್ಟಿ ಮೇಡಂ ಉಪಾಯ ಹೇಳಿ ಬರೆದುಕೊಟ್ಟ ಚೀಟಿಯನ್ನು ಮೇಜಿನ ಮೇಲಿಟ್ಟ. ಜಾಲದ ಏರಿಳಿತವನ್ನು ಸೆಕೆಂಡು ಸೆಕೆಂಡಿಗೂ ಬರೆದಿಟ್ಟ ದಾಖಲೆ ಕೋಣೆಯಲ್ಲಿ ಇದ್ದೇ ಇತ್ತು. ಅದನ್ನು ಒಂದು ಪೆಟ್ಟಿಗೆಗೆ ತುಂಬಿದರೆ, ಪೆಟ್ಟಿಗೆ ಅಲ್ಲಿಯ ಅರವತ್ತನ್ನು ಉಂಡು ಗದಗಿನ ಐವತ್ತನ್ನು ಉಸಿರಾಡುತ್ತದೆ. ಡಬ್ಬಿ ಆ ಹಳೆಯ ಉಸಿರಿನ ಕೈ ಹಿಡಿದುಕೊಂಡೇ, ಒಂದೆರಡು ವರ್ಷಕ್ಕೆ, ಹೊಸ ಊರಿನ ಉಸಿರನ್ನೂ ಕಲಿಯುತ್ತದೆ.

ದಾವಲಸಾಬ ಎರಡು ಸಲ ಓದಿದ. “ಇಷ್ಟನ? ಕೊಡೂಣ್ರಿ. ಸಾಹೇಬರು ಬ್ಯಾಡ ಅನ್ನಂಗಿಲ್ಲ, ಅವರು ಸಣ್ಣಾವರಿದ್ದಾಗ ಕಾಶವ್ವಾರ ಖಾನಾವಳ್ಯಾಗ ಉಂಡಾವರು. ನಾನೂ ಉಂಡೇನಿ. ಎಣ್ಣಿಬದ್ನಿಕಾಯಿ ಎರಡನೇ ಸಲ ಕೇಳಿದ್ರ ಬೈತಿದ್ರು, ಬೈಕೋತನ ಹಾಕತಿದ್ರು.” ಆಮೇಲೆ ತಡೆದು, “ಆದ್ರ ಅಣ್ಣಾರ, ನಿಮ್ಮ ಪಾಳಿದು ಹೆಂಗ? ಅದರಾಗ ಉಸಿರ ಇಲ್ಲಲ್ರಿ. ನಿಮ್ಮ ಗೆರಿ ಮ್ಯಾಲ ನೀರು ನಿಂದರ್ತಾವ ಅಂತ ನಾವು ಚ್ಯಾಷ್ಟಿ ಮಾಡ್ತಿದ್ವಿ.”

“ಇನ್ನ ನಾಲ್ಕು ವಾರ ಐತಿ. ಇವತ್ತಿನಿಂದ ನಾ ಹಿಡಿಯಂಗಿಲ್ಲ.”

ದಾವಲಸಾಬ ಅವನ ಮುಖ ನೋಡಿದ, ಚೀಟಿ ನೋಡಿದ, ಮತ್ತೆ ಮುಖ ನೋಡಿದ. ಅವನಿಗೆ ಏನು ತಿಳಿಯಿತೋ, ಎಷ್ಟು ತಿಳಿಯಿತೋ. ತನ್ನ ಊಟದ ಡಬ್ಬಿಯನ್ನು ಮತ್ತೆ ಕೆಳಗಿಟ್ಟು, ಇನ್ನೊಂದು ಕುರ್ಚಿ ಎಳೆದುಕೊಂಡು ಕೂತ.

ಫಕೀರೇಶ ಹಿಡಿಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಗೆರೆ ಮೊದಲು ಸುಮ್ಮನಿತ್ತು. ಆಮೇಲೆ, ಮಲಗಿದ್ದ ಪ್ರಾಣಿ ಹೊರಳಿದ ಹಾಗೆ, ಸ್ವಲ್ಪ ಇಳಿಯಿತು.

“ನಲವತ್ತೊಂಬತ್ತು ಪಾಯಿಂಟ್ ತೊಂಬತ್ತಾರಕ್ಕ ಬಂತ್ರಿ.”

“ಬರ್ಲಿ.”

“ನಿಮ್ಮ ಕೈ ಹಿಡಿ ಕಡೆ ಹೊಂಟೈತಿ ಅಣ್ಣಾರ.”

ಫಕೀರೇಶ ಆ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡ.

ಎರಡೂವರೆಗೆ ಬೆಟಗೇರಿಯ ಮಗ್ಗಗಳು ಊಟ ಮುಗಿಸಿ ಎದ್ದವು, ಗೆರೆ ಹಲ್ಲುಹಲ್ಲಾಯಿತು. ಮೂರಕ್ಕೆ ಎಣ್ಣೆ ಗಿರಣಿ ಹೊರಟಿತು, ಒಂದು ದೊಡ್ಡ ತಗ್ಗು. ಗುಡ್ಡದ ಮೇಲೆ ಗಾಳಿ ಎದ್ದು ಅದನ್ನು ತುಂಬಿತು. ಇಪ್ಪತ್ತಾರು ವರ್ಷ ಇದೇ ಕುರ್ಚಿಯಲ್ಲಿ ಕೂತವನು ಈ ಹೊತ್ತಿನ ಊರನ್ನು ಹನ್ನೊಂದು ವರ್ಷದ ಮೇಲೆ ಮೊದಲ ಸಲ ನೋಡುತ್ತಿದ್ದ. ಇಷ್ಟು ಜನ ಇದ್ದಾರೆ, ಒಬ್ಬೊಬ್ಬರೂ ಒಂದೊಂದು ಗುಂಡಿ ಒತ್ತುತ್ತಿದ್ದಾರೆ, ಅವರಿಗೇ ತಿಳಿಯದೆ ಎಲ್ಲರೂ ಸೇರಿ ತನ್ನ ಅಕ್ಕನ ಮಾತನ್ನು ಹನ್ನೊಂದು ವರ್ಷ ಕಾಯ್ದಿದ್ದಾರೆ. ಯಾರ ಮನೆಗೆ ಹೋಗಿ ಕೈ ಮುಗಿಯುವುದು? ಮೇಜಿನ ಮೇಲೆ ಅವನ ಹಳೆಯ ಮೀಟರಿತ್ತು, ಪ್ಯಾಕು ಮಾಡುವ ಮುನ್ನ ಒಮ್ಮೆ ಹೋಲಿಸಿ ನೋಡಲು ತಂದದ್ದು. ಸಾಲಾಗಿ ನಿಂತ ಉಕ್ಕಿನ ಕಡ್ಡಿಗಳು. ಯಾವ ಆವರ್ತ ನಡೆಯುತ್ತಿದೆಯೋ ಆ ಕಡ್ಡಿ ಕಂಪಿಸುತ್ತದೆ. ಅವನ ಪಾಳಿಯಲ್ಲಿ ಐವತ್ತರ ಕಡ್ಡಿಯೊಂದೇ ಕಂಪಿಸಿದ್ದು. ಇಂದು ಪಕ್ಕದ ಕಡ್ಡಿಯೂ ಮೆಲ್ಲಗೆ ಮಿಸುಕಿತು.

ನಾಲ್ಕಕ್ಕೆ ಇಡೀ ಊರು ಚಹಾಕ್ಕೆ ನೀರಿಟ್ಟಿತು. ಗೆರೆ ಬಾಗಿತು. ಅವನು ಫೋನು ತೆಗೆದುಕೊಂಡ, ಬಲಗೈಯಲ್ಲಿ.

“ಅಕ್ಕಾ, ನಾ ಫಕೀರ. ಆರಾಮ ಅದಿ?”

ತಪ್ ತಪ್ ತಪ್. ಬೆರಳ ತುದಿಯಿಂದ ಎರಡು. ತಡೆದು, ಅಂಚಿನಲ್ಲಿ ಒಂದು. ಮತ್ತೆ ಉದ್ದಕ್ಕೆ ಸವರಿದ ಹಾಗೆ. ಅವನಿಗೆ ಆ ಬಡಿತ ಗೊತ್ತಿತ್ತು. ಹನ್ನೊಂದು ವರ್ಷ ಪ್ರತಿದಿನ ಕೇಳಿದ್ದ ಅದೇ ಬಡಿತ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅದು ಮುಗಿದ ಮೇಲೆ ಬರುತ್ತಿದ್ದ ಮೌನಕ್ಕಾಗಿ ಅವನು ಅಭ್ಯಾಸದಂತೆ ಕಾದ.

ಡಬ್ಬಿ ಹೇಳಿತು: “ಚಾ ಕುಡದೇನೋ ಫಕೀರಾ? ಕರೆಂಟ್ ಭಾಳ ಚಲೋ ಕೊಟ್ಟೀಯಪಾ. ಫ್ಯಾನು ಒಂದs ಸಮ ತಿರಗಾಕತ್ತೈತಿ. ನಿನ್ನ ಕೈ ತಣ್ಣಗಿರ್ಲಿ.”

ಆ ದಿನ ಕರೆಂಟು ಚಲೋ ಇರಲಿಲ್ಲ. ಫ್ಯಾನು ಒಂದೇ ಸಮ ತಿರುಗುತ್ತಲೂ ಇರಲಿಲ್ಲ. ಅವಳು ರೂಢಿಯಂತೆ, ಪ್ರತಿದಿನ ನಾಲ್ಕಕ್ಕೆ ಹೇಳುತ್ತಿದ್ದದ್ದನ್ನೇ ಹೇಳಿದ್ದಳು.

“ಅಯ್ಯ ಶಿವನ!” ಎಂದಿತು ಡಬ್ಬಿ ಮರುಕ್ಷಣ. “ಮಾತು ಬಂತಲ್ಲೋ ಇದಕ್ಕ! ಸುವರ್ಣೀ, ಬಾರ ಇಲ್ಲಿ!”

“ಹೂಂ ಅಕ್ಕಾ,” ಎಂದ ಫಕೀರೇಶ. “ಚಾ ಕುಡೀತೇನಿ.”

ಫೋನಿಟ್ಟ. ದಾವಲಸಾಬ ಎದ್ದು ಹೋಗಿ ಎರಡು ಲೋಟ ಚಹಾ ತಂದ. ಒಂದನ್ನು ಹಿಡಿಯ ಪಕ್ಕದಲ್ಲಿಟ್ಟ. ಗೆರೆ ತನ್ನ ಪಾಡಿಗೆ ಏರಿತು, ಇಳಿಯಿತು.

*

ಆಮೇಲಿನ ನಾಲ್ಕು ವಾರ ಮನೆಯಲ್ಲಿ ಮಾತಿಗೆ ಬಿಡುವಿರಲಿಲ್ಲ. ಹನ್ನೊಂದು ವರ್ಷದ ಸಂಜೆಗಳನ್ನು ಕಾಶವ್ವ ಒಮ್ಮೆಗೇ ತೀರಿಸಲು ನಿಂತಂತಿತ್ತು. ಯಾವ ರಾಶಿಯಲ್ಲಿ ಏನಿರಬೇಕೆಂದು ಮಂಚದ ಮೇಲಿನಿಂದಲೇ ಆಳಿದಳು. ಮಿಕ್ಸರನ್ನು ಎದುರು ಮನೆಯವರಿಗೆ ಕೊಡಿಸಿದಳು. “ಅದಕ್ಕ ನಮ್ಮ ಮನಿ ಖಾರ ಕಲಿಸೇನಿ, ಅವರ ಮನ್ಯಾಗ ಸ್ವಲ್ಪ ದಿವಸ ಕಣ್ಣೀರು ಹಾಕ್ಲಿ” ಎಂದಳು. ಇಸ್ತ್ರಿಪೆಟ್ಟಿಗೆ ದಾವಲಸಾಬನ ಮಗಳಿಗೆ ಹೋಯಿತು.

“ಏನ ಮಾಡಿದ್ರೋ ಧಾರವಾಡದಾಗ ಇದಕ್ಕ?” ಎಂದು ಒಮ್ಮೆ ಕೇಳಿದಳು.

“ಒಳಗ ಸ್ವಲ್ಪ ಧೂಳಿತ್ತಕ್ಕ. ಸ್ವಚ್ಛ ಮಾಡಿದ್ರು.”

“ಹನ್ನೊಂದು ವರ್ಷದಿಂದ ಒಬ್ಬರಿಗೂ ಧೂಳು ಕಾಣಲಿಲ್ಲೇನ? ಆ ಕಟ್ಟಿ ಬಾಯಾರ ಕೈಗೆ ಪುಣ್ಯ ಬರ್ಲಿ.” ಸುವರ್ಣಾಳನ್ನು ಕೂರಿಸಿಕೊಂಡು ಅರವತ್ತು ಕಡಕ್ ರೊಟ್ಟಿ ಮಾಡಿಸಿ, ಗುರೆಳ್ಳು ಚಟ್ನಿಪುಡಿಯೊಂದಿಗೆ ಧಾರವಾಡಕ್ಕೆ ಕಳಿಸಿದಳು. ಮೇಡಂ ಫೋನು ಮಾಡಿ, ಧೂಳಿನ ವಿಷಯ ಕೇಳಿ, ಅರೆಕ್ಷಣ ಸುಮ್ಮನಿದ್ದು, “ಹೌದ್ರೆವ್ವಾ, ಭಾಳ ಧೂಳಿತ್ತು,” ಎಂದರು. ಫಕೀರೇಶ ಆ ಅರೆಕ್ಷಣವನ್ನು ಬಹಳ ದಿನ ನೆನೆದ. ಆ ಉಪಕಾರ ದೊಡ್ಡದು.

ಉಸಿರಿನ ಪೆಟ್ಟಿಗೆ ಮುಗಿದು ಬಂದಾಗ ಏಳು ಕಿಲೋ ತೂಗಿತು. ಒಳಗೆ ಕಬ್ಬಿಣದ ಸುರುಳಿ ಇತ್ತು. ಅದರ ಬೆನ್ನ ಮೇಲೆ ಮೂರು ಪಾಳಿಯ ಹದಿನೇಳು ಮಂದಿಯೂ ಬಣ್ಣದಲ್ಲಿ ಹೆಸರು ಬರೆದಿದ್ದರು. ಹಂಚು ಆರು. ಅಕ್ಕನ ಡಬ್ಬಿ ಒಂದೂವರೆ. ಸುವರ್ಣಾಳ ಉಪಕರಣ ಬಿಡುವಂತಿಲ್ಲ. ಎಷ್ಟು ಸಲ ತೂಗಿದರೂ ಮೂರು ಕಿಲೋ ಮೇಲೆ ಬರುತ್ತಿತ್ತು.

“ಹಂಚು ಬಿಡೂಣ್ರಿ ಅಕ್ಕಾರ?” ಎಂದಳು ಸುವರ್ಣಾ. “ಅಲ್ಲೂ ಜೋಳ ಬೆಳೀತಾರಂತ. ಹಂಚೂ ಸಿಗತೈತಿ.”

“ಸಿಗತೈತಿ. ನನ್ನ ಕೈ ಗೊತ್ತಿರೂ ಹಂಚು ಸಿಗಂಗಿಲ್ಲ. ಅದಕ್ಕ ಯಾವ ಹರಳೂ ಹಾಕಿಲ್ಲ, ಮರಿಯಂಗೂ ಇಲ್ಲ.”

ಫಕೀರೇಶ ಎದ್ದು ತನ್ನ ಮೀಟರನ್ನು ಒಯ್ಯುವ ರಾಶಿಯಿಂದ ತೆಗೆದ. ಅದು ಅವನಿಗೆ ಕೆಲಸ ಕಲಿಸಿದವರು ಕೊಟ್ಟದ್ದು. ಮೂರು ಕಿಲೋದ ಮೇಲೆ ಸ್ವಲ್ಪ. ಸುವರ್ಣಾ ಮತ್ತೊಮ್ಮೆ ತೂಗಿದಳು; ಈಗ ಸರಿ ಬಂತು.

ಕೊನೆಯ ದಿನ ಎರಡಕ್ಕೆ ಅವನು ಹೋದದ್ದು ತನ್ನ ಪಾಳಿಯನ್ನು ಒಪ್ಪಿಸಿ ಬರಲು; ಅದನ್ನು ವಹಿಸಿಕೊಳ್ಳಲು ದಾವಲಸಾಬನೇ ಉಳಿದಿದ್ದ. ಫಕೀರೇಶ ಮೀಟರನ್ನು ಮೇಜಿನ ಮೇಲೆ, ಹಿಡಿಯ ಎದುರಿಗೆ ಇಟ್ಟ.

“ಐವತ್ತು ಬಿಟ್ಟೇನಿ ದಾವಲಾ.”

“ಐವತ್ತು ಹಿಡದೇನ್ರಿ ಅಣ್ಣಾರ,” ಎಂದ ದಾವಲಸಾಬ. ಆಮೇಲೆ ನಕ್ಕು, “ಭಾಳ ಬಿಗಿ ಹಿಡಿಯಂಗಿಲ್ಲ ಬಿಡ್ರಿ,” ಎಂದ.

*

ಸಮುದ್ರದ ಗಾಳಿಗೆ ಕಿಟಕಿಯ ಪರದೆ ನಿಲ್ಲುತ್ತಿರಲಿಲ್ಲ. ಮನೆಯ ಹಿಂದೆ ಮರಳ ದಿಬ್ಬ, ದಿಬ್ಬದಾಚೆ ಬಿಳಿಯ ಗಾಳಿಯಂತ್ರಗಳ ಸಾಲು. ಅದರಲ್ಲೊಂದರ ತುದಿಯಲ್ಲಿ ಕೆಂಪು ಚುಕ್ಕೆಯಾಗಿ ಸುವರ್ಣಾಳ ಟೊಪ್ಪಿಗೆ. ಕೆಳಗೆ ನಿಂತ ನಾಲ್ಕು ಹುಡುಗಿಯರು ತಲೆ ಎತ್ತಿ ನೋಡುತ್ತಿದ್ದರು. ಅಡುಗೆಮನೆಯಲ್ಲಿ ಹಂಚು ಕಾಯುತ್ತಿತ್ತು. ಮೂಲೆಯಲ್ಲಿ, ಹದಿನೇಳು ಹೆಸರುಗಳ ಪೆಟ್ಟಿಗೆ ಸಣ್ಣಗೆ ಗುಂಯ್ಗುಡುತ್ತಿತ್ತು. ಅದರೊಳಗೆ ಗದಗಿನ ಒಂದು ಮಧ್ಯಾಹ್ನ ನಡೆದಿತ್ತು; ಬೆಟಗೇರಿಯ ಮಗ್ಗಗಳು ಎದ್ದಿದ್ದವು, ಎಣ್ಣೆ ಗಿರಣಿ ಹೊರಟಿತ್ತು.

ನಾಲ್ಕಕ್ಕೆ, ಗದಗಿನ ಜನ ಪೆಟ್ಟಿಗೆಯೊಳಗೆ ಚಹಾಕ್ಕೆ ನೀರಿಟ್ಟಾಗ, ಕಾಶವ್ವನ ಕೈ ಡಬ್ಬಿಯ ಮೇಲೆ ಆಡಿತು. ಫಕೀರೇಶ ಈಗ ಫೋನಿನಾಚೆ ಇರಲಿಲ್ಲ, ಒಂದು ಮಾರು ದೂರದಲ್ಲಿ ಕುರ್ಚಿಯ ಮೇಲೆ ಕೂತಿದ್ದ.

“ಒಂದು ಕೇಳ್ಲೇನೋ? ಅಲ್ಲಿ ದಿನಾ ನಾಲ್ಕಕ್ಕ ನೀ ಫೋನ್ ಮಾಡ್ತಿದ್ದಿ. ನಾ ಹೇಳೇ ಹೇಳ್ತಿದ್ದೆ. ಈ ಡಬ್ಬಿ ಹೇಳ್ತಿರಲಿಲ್ಲ, ಅದರ ಧೂಳು ಹಾಳಾಗ್ಲಿ. ಖರೆ ನಿನಗ ತಿಳೀತಿತ್ತು. ಸಣ್ಣಾಂವ ಇದ್ದಾಗ ರೊಟ್ಟಿ ಸಪ್ಪಳದಾಗ ಎಲ್ಲಾ ತಿಳೀತಿತ್ತಲ್ಲ ನಿನಗ. ಅದಕ ನಾ ಬಿಡಲಿಲ್ಲ. ತಿಳೀತಿತ್ತಿಲ್ಲೋ?”

“ತಿಳೀತಿತ್ತಕ್ಕ,” ಎಂದ ಫಕೀರೇಶ.

“ನನಗ ಗೊತ್ತಿತ್ತು. ನಿನ್ನಂಥ ಕರೆಂಟ್ ಯಾರೂ ಕೊಡಲಿಲ್ಲಪಾ. ಇಲ್ಲೀದು ನೋಡು, ಫ್ಯಾನು ಎಳದೆಳದು ತಿರಗತೈತಿ.”

ಅವನು ಎದ್ದು ಹೋಗಿ ಅವಳ ಮಗ್ಗುಲಲ್ಲಿ ಮಂಚದ ಮೇಲೆ ಕೂತ. ಅವಳ ಬಲಗೈ ಡಬ್ಬಿಯಿಂದ ಎದ್ದು, ಅವನ ಮೊಣಕಾಲಿನ ಮೇಲೆ ಎರಡು ಸಲ ಬಡಿದು, ಅಲ್ಲೇ ಉಳಿಯಿತು. ಹೊರಗೆ ಗಾಳಿಯಂತ್ರದಿಂದ ಕೆಂಪು ಟೊಪ್ಪಿಗೆ ನಿಧಾನವಾಗಿ ಇಳಿದುಬರುತ್ತಿತ್ತು.

ಹನ್ನೊಂದು ವರ್ಷ ಅವಳ ಮಾತನ್ನು ತಡೆದದ್ದು ತಾನು ಅಷ್ಟು ಸಮನಾಗಿ ಹಿಡಿದ ಆ ಗೆರೆಯೇ ಎಂಬುದನ್ನು ಅವನು ಅಕ್ಕನಿಗೆ ಎಂದೂ ಹೇಳಲಿಲ್ಲ.